ಬಾಗಿಲ ಹೊರಗಿನ ಚಪ್ಪಲಿ

ರೀ,

ಖಡಕಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಒಂದೇ ಕೋಣೆ, ಅಡುಗೆಮನೆ. ನನ್ನ ಸಂಬಳಕ್ಕೆ ಅಷ್ಟೇ. ಮೂರು ಕಡೆ ಒಂಟಿ ಹೆಂಗಸಿಗೆ ಮನೆ ಕೊಡುವುದಿಲ್ಲ ಎಂದಿದ್ದರು. ಅದಕ್ಕೇ, ನೀವು ತೀರಿಕೊಂಡು ಏಳು ತಿಂಗಳಾಗಿದ್ದರೂ, ಯಜಮಾನರು ಚಾಕಣದ ಕಾರ್ಖಾನೆಯಲ್ಲಿದ್ದಾರೆ ಎಂದುಬಿಟ್ಟೆ. ಹಳೆಯ ಇಳಕಲ್ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹೊಲಿದೆ. ಮಾಲೆ ಹಾಕಿದ ನಿಮ್ಮ ಫೋಟೊ ಮಾತ್ರ ಇನ್ನೂ ಟ್ರಂಕಿನಲ್ಲೇ ಇದೆ.

ಇವತ್ತು ಮನೆಯೊಡತಿ ಗಂಗವ್ವ ಬಂದರು. ವಿಜಯಪುರದ ಕಡೆಯವರು.

“ಪರದೆ ಭಾಳ ಛಲೋ ಕಾಣ್ತಾವ. ನಿಮ್ಮ ಮನಿಯವ್ರು ಇನ್ನೂ ಕಣ್ಣಿಗೇ ಬಿದ್ದಿಲ್ಲಲ್ಲ ಯವ್ವಾ?”

“ಕೆಲಸಾ ಭಾಳ ಅದ್ರಿ. ಬರೂದು ತಡಾ ಆಗ್ತದ.”

ಅವರು ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ಖಣ ಹಾಕಿ ಉಡಿ ತುಂಬಿದರು. “ಮುತ್ತೈದಿಯಾಗಿ ಬಾಳು,” ಎಂದರು. ಸೆರಗೊಡ್ಡಿ ಎಲ್ಲವನ್ನೂ ಹಿಡಿದುಕೊಂಡೆ.

ಅವರು ಹೋದ ಕೂಡಲೇ ನಿಮ್ಮ ಚಪ್ಪಲಿ ಹುಡುಕಿ ಬಾಗಿಲ ಹೊರಗೆ ಜೋಡಿಸಿಟ್ಟೆ. ಅಷ್ಟು ನೆಟ್ಟಗಿದ್ದರೆ ಯಾರು ನಂಬುತ್ತಾರೆ? ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಎಂದು ದಿನಾ ನಿಮ್ಮ ಮೇಲೆ ಒದರುತ್ತಿದ್ದೆ. ಆ ಕೊನೆಯ ಬೆಳಿಗ್ಗೆಯೂ ಒದರಿದ್ದೆ.

ಈಗ ನಾನೇ ಒಂದನ್ನು ಬೋರಲು ಮಾಡಿ ಒಳಗೆ ಬಂದೆ.