ದಾರಿಗಡ್ಡ ಇಟ್ಟ ಮುಳ್ಳು

ಶ್ರೀ ಗುರುಬಸವಲಿಂಗಾಯ ನಮಃ

ಆಯನೂರು
೯ ನವೆಂಬರ್ ೨೦೦೩

ಚಿ. ಸೌ. ರಾಜೇಶ್ವರಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ದಸರೆಗೇ ಬಂದಿತ್ತು. ಉತ್ತರ ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದೀಪಾವಳಿಗೆ ನೀನೇ ಬರುತ್ತೀಯಲ್ಲ, ಬಾಯಲ್ಲೇ ಹೇಳಿದರಾಯಿತು ಎಂದುಕೊಂಡಿದ್ದೆ. ನೀನು ಬರಲಿಲ್ಲ. ನಿನ್ನ ಪಾಲಿನ ಹೋಳಿಗೆಯನ್ನೂ ನಿಮ್ಮಪ್ಪನೇ ಬಿಸಿ ಮಾಡಿಸಿಕೊಂಡು ತಿಂದರು. ಅವರ ಶುಗರ್ ಬಗ್ಗೆ ನೀನೇ ಒಮ್ಮೆ ಫೋನ್ ಮಾಡಿ ಬೈದುಬಿಡು. ನನ್ನ ಮಾತು ಈ ಮನೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಗೋಮಾಳದ ಗಲಾಟೆ ನಿನಗೆ ಗೊತ್ತೇ ಇದೆ. ಆದರೆ ನೀನು ಕೇಳಿರುವುದು ಅಳಿಯಂದಿರ ಬಾಯಿಂದ. ನಮ್ಮ ಕಡೆಯದನ್ನೂ ಬರೆಯುತ್ತೇನೆ, ಓದು.

ಶ್ರಾವಣದಿಂದ ದೀಪಾವಳಿಯವರೆಗೆ ನಾವು ಗೋಮಾಳಕ್ಕೆ ದನ ಬಿಡುವುದಿಲ್ಲ, ನಾವೂ ಕಾಲಿಡುವುದಿಲ್ಲ. ಹುಲ್ಲು ಸೊಂಟದೆತ್ತರ ಬೆಳೆಯಲಿ ಎಂದು ದಾರಿಗೆ ಅಡ್ಡವಾಗಿ ಒಂದು ಬಿದಿರುಮುಳ್ಳಿನ ಕೊಂಬೆ ಇಟ್ಟುಬಿಡುತ್ತೇವೆ, ಅಷ್ಟೆ. ಚಿಕ್ಕವಳಿದ್ದಾಗ ಆ ಮುಳ್ಳಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನೀನೇ. ನಿಮ್ಮ ಭದ್ರಾವತಿಯ ಜೀಪ್ ಕ್ಲಬ್ಬಿನವರು ರ‍್ಯಾಲಿಗೆ ಅನುಮತಿ ಕೇಳಿದ್ದಾರೆ, ತಕರಾರಿದ್ದರೆ ತಿಳಿಸಿ ಎಂದು ಪಂಚಾಯ್ತಿ ಗೋಡೆಗೆ ನೋಟೀಸ್ ಅಂಟಿಸಿದ್ದರು. ನಾವೆಲ್ಲ ಓದಿದೆವು. ಹೇಗೂ ಮುಳ್ಳು ಇಟ್ಟಿದೆಯಲ್ಲ, ಯಾರು ಒಳಗೆ ಹೋಗುತ್ತಾರೆ ಎಂದು ಸುಮ್ಮನಾದೆವು. ಇಂಥ ದಡ್ಡತನಕ್ಕೆ ಯಾರನ್ನು ಬೈಯಬೇಕು ಹೇಳು.

ಸೆಪ್ಟೆಂಬರಿನ ಆ ಭಾನುವಾರ ಸದ್ದು ಕೇಳಿ ನಾನೂ ಪಕ್ಕದ ಮನೆಯ ಚೌಡಮ್ಮನೂ ಓಡಿದೆವು. ಅಷ್ಟರಲ್ಲಿ ಜೀಪುಗಳು ಹುಲ್ಲಿನ ಮೇಲೆಲ್ಲ ಸುತ್ತು ಹೊಡೆಯುತ್ತಿದ್ದವು. ಮಳೆಗೆ ನೆಲ ಮೆತ್ತಗಾಗಿತ್ತು, ಕೆಸರು ಇದ್ದಷ್ಟೂ ಅವರಿಗೆ ಮಜವಂತೆ. ಎಲ್ಲರೂ ಹೆಲ್ಮೆಟ್ ಹಾಕಿದ್ದರಿಂದ ಯಾರ ಮುಖವೂ ಗೊತ್ತಾಗಲಿಲ್ಲ. ಆಮೇಲೆ ಗಾಲಿಯ ಗುಂಡಿಗಳಲ್ಲಿ ನೀರು ನಿಂತು, ಉಳಿದ ಹುಲ್ಲೂ ಕೊಳೆಯಿತು. ಬೇಸಿಗೆಗೆ ಮೇವು ಸಾಲದೆಂದು ನಮ್ಮ ಎಮ್ಮೆಯನ್ನು ಈಗಲೇ ಗಾಜನೂರಿಗೆ, ನಿನ್ನ ಚಿಕ್ಕಮ್ಮನ ಮನೆಗೆ ಕಳಿಸಿದ್ದೇವೆ. ಕೊಟ್ಟಿಗೆಗೆ ಹೋದಾಗ ಕೈ ಈಗಲೂ ಅದು ನಿಲ್ಲುತ್ತಿದ್ದ ಕಡೆಗೇ ಹೋಗುತ್ತದೆ.

ಮುಂದಿನ ವರ್ಷವೂ ಜೀಪುಗಳನ್ನು ಬಿಡಬೇಕೋ ಬೇಡವೋ ಎಂದು ಅಕ್ಟೋಬರಿನಲ್ಲಿ ಶಾಲೆಯಲ್ಲಿ ಸಭೆ ಕರೆದರು. ಅಳಿಯಂದಿರು ಕ್ಲಬ್ಬಿನ ಪರವಾಗಿ ಎದ್ದು ನಿಂತರು. ಚೆನ್ನಾಗಿ ಮಾತಾಡಿದರು, ಸುಳ್ಳೇಕೆ ಹೇಳಲಿ.

"ಸರ್ಕಾರಿ ಜಾಗ ಅಂದ್ಮೇಲೆ ಎಲ್ರಿಗೂ ಸೇರಿದ್ದಲ್ವಾ? ಭದ್ರಾವತೀಲಿ ನಮ್ ಹುಡುಗ್ರಿಗೆ ಬೇರೆ ಏನಿದೆ? ಫ್ಯಾಕ್ಟರಿ ಕೆಲಸಾನೂ ಇಲ್ಲ. ವರ್ಷಕ್ಕೊಂದಿನ ಬಂದು ಹೋಗ್ತೀವಿ" ಎಂದರು.

"ನೀವು ಒಂದಿನ ಬಂದು ಹೋಗ್ತೀರಿ, ಸರಿ. ಆ ಗುಂಡಿ ಒಂದಿನಕ್ಕೆ ಹೋಗುತ್ತಾ ಮಾರಾಯ?" ಎಂದಳು ಚೌಡಮ್ಮ.

ನಮ್ಮ ಪಂಚಾಯ್ತಿ ಮೆಂಬರ್ ಉಜ್ಜನಪ್ಪನವರು, "ಟೀ ಅಂಗಡಿಯೋರಿಗೆ ಆವತ್ತು ಒಳ್ಳೆ ವ್ಯಾಪಾರ ಆಯ್ತಲ್ಲಮ್ಮ" ಎಂದು ಅಡ್ಡ ಬಂದರು. ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಎದ್ದು ಮುಳ್ಳಿನ ವಿಷಯ ಹೇಳಿದೆ. ತಾಲ್ಲೂಕು ಕಚೇರಿಯಿಂದ ಬಂದಿದ್ದ ಸಾಹೇಬರು ಪಾಪ ಒಳ್ಳೆಯವರೇ ಇರಬೇಕು, "ಅದಕ್ಕೊಂದು ಆರ್ಡರ್ ಇದೆಯೇನಮ್ಮ?" ಎಂದು ಕೇಳಿದರು. ಎಲ್ಲರೂ ನಕ್ಕರು. "ಅಂಥ ಮುಳ್ಳಿದ್ರೆ ತೆಗೆದೋರು ಯಾರು?" ಎಂದು ಸಾಹೇಬರೇ ಇನ್ನೊಂದು ಪ್ರಶ್ನೆ ಕೇಳಿದರು. ಕ್ಲಬ್ಬಿನವರು ಮುಖ ಮುಖ ನೋಡಿಕೊಂಡರು. ನಾನು ಕೂತುಬಿಟ್ಟೆ. ಮುಂದಿನ ವರ್ಷ ನೋಡೋಣ ಎಂದು ಸಭೆ ಮುಗಿಸಿದರು. ಹೊರಗೆ ಅಳಿಯಂದಿರು ಬಂದು, "ಅತ್ತೆ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ರಾಜಿ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಹುಷಾರಿಲ್ಲ ಎಂದರು.

ನನಗೆ ಸಾಕಾಗಿದೆ ಮಗಳೇ. ಜಗಳ ಆಡುವುದಕ್ಕೂ ತ್ರಾಣ ಬೇಕು. ಚೌಡಮ್ಮ ಶಿವಮೊಗ್ಗಕ್ಕೆ ಹೋಗಿ ಅರ್ಜಿ ಕೊಡೋಣ ಎನ್ನುತ್ತಿದ್ದಾಳೆ. ಹೋಗುತ್ತೇನೋ ಏನೋ. ಅಳಿಯಂದಿರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಅದು ಖಾಲಿ ಜಾಗವಾಗಿ ಕಂಡಿತು. ನಿನ್ನ ಆರೋಗ್ಯ ನೋಡಿಕೋ. ತಲೆಗೆ ಎಣ್ಣೆ ಹಾಕಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ದಾಕ್ಷಾಯಣಮ್ಮ

ಮರೆತ ಮಾತು: ಬರೆಯಬಾರದು ಎಂದುಕೊಂಡಿದ್ದೆ, ಆಗುತ್ತಿಲ್ಲ. ಆ ಭಾನುವಾರ ಗೋಮಾಳದ ಬಾಯಿಗೆ ಮೊದಲು ತಲುಪಿದವಳು ನಾನು. ಗೊತ್ತಿಲ್ಲದವರು ತೆಗೆದಿದ್ದರೆ ಮುಳ್ಳನ್ನು ಎಳೆದು ಎತ್ತಲೋ ಬಿಸಾಡಿರುತ್ತಿದ್ದರು. ಅದು ಹಾಗೆ ಬಿದ್ದಿರಲಿಲ್ಲ. ಬರಿಗಾಲಿನವರಿಗೆ ಚುಚ್ಚದ ಹಾಗೆ ಮುಳ್ಳಿನ ಕಡೆಯನ್ನು ಬೇಲಿಗೆ ತಿರುಗಿಸಿ, ಗಾಳಿಗೆ ಹಾರದಿರಲೆಂದು ಬುಡದ ಮೇಲೆ ಒಂದು ಕಲ್ಲು ಇಟ್ಟಿತ್ತು. ದೀಪಾವಳಿಯ ದಿನ ತೆಗೆಯುವಾಗ ನಾನು ನಿನಗೆ ಹೇಳಿಕೊಟ್ಟ ಹಾಗೆಯೇ. ನಮ್ಮೂರಿನವರು ಯಾರೂ ಹಬ್ಬಕ್ಕೆ ಮುಂಚೆ ಅದನ್ನು ಮುಟ್ಟುವುದಿಲ್ಲ, ಜೀಪಿನಲ್ಲಿ ಬಂದವರಲ್ಲಿ ಆ ರೀತಿ ಗೊತ್ತಿರುವವಳು ನೀನೊಬ್ಬಳೇ. ಚೌಡಮ್ಮ ಬಂದು ನೋಡುವ ಮುಂಚೆ ನಾನು ಕಲ್ಲನ್ನು ಉರುಳಿಸಿ ಮುಳ್ಳನ್ನು ಚರಂಡಿಗೆ ನೂಕಿದೆ.

ಮುಳ್ಳು ತೆಗೆದದ್ದಕ್ಕೆ ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಗಂಡ ಇಳಿದು ತೆಗೆ ಎಂದರೆ ಏನು ಮಾಡುತ್ತೀಯ. ಆದರೆ ಅಲ್ಲಿ ನಿಂತು ಅಮ್ಮಾ ಎಂದು ಕೂಗಿದರೆ ನಮ್ಮ ಅಡುಗೆಮನೆಗೆ ಕೇಳುತ್ತದೆ, ರಾಜಿ. ನಾನು ರೊಟ್ಟಿ ತಟ್ಟುತ್ತಿದ್ದೆ. ಮನೆಯಲ್ಲೇ ಇದ್ದೆ.