ಇಬ್ಬರು ದೊರೆಗಳ ಮನೆ ಹೆಸರು

ಫೆಬ್ರವರಿ 5, ಸೋಮವಾರ

ಬೂದಿಕೋಟೆ ಬಸ್ಸು ಇವತ್ತೂ ಲೇಟು. ಬಂಗಾರಪೇಟೆಯಲ್ಲಿ ಇಳಿದು ಲ್ಯಾಬ್ ಬಾಗಿಲು ತೆಗೆಯುವಷ್ಟರಲ್ಲಿ ಶುಗರ್ ಪೇಷಂಟುಗಳೆಲ್ಲ ಖಾಲಿ ಹೊಟ್ಟೆಯಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಬೈದರು. ಬೈಸಿಕೊಂಡೇ ಒಬ್ಬೊಬ್ಬರ ರಕ್ತ ತೆಗೆದೆ.

ಮಧ್ಯಾಹ್ನ ಸುಧಾಕರ್ ಬಂದರು. ತಮ್ಮ ಅಜ್ಜಿಯ ರಿಪೋರ್ಟಿಗೆ ಅಂತ ನೆಪ. ರಿಪೋರ್ಟ್ ಶುಕ್ರವಾರವೇ ಕೊಟ್ಟಾಗಿದೆ. ಆಂಡರ್ಸನ್‌ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಗೆ ಬೀಗ ಹಾಕಿ, ರೈಲು ಹತ್ತಿ ಬಂದಿದ್ದಾರೆ... ಪಾಪ, ಉಗುರಿನ ಸಂದಿಯ ವಾರ್ನಿಶ್ ಕೂಡ ಹೋಗಿರಲಿಲ್ಲ.

"ಮನೇಲಿ ಕೇಳ್ಲಾ?" ಅಂದರು.

"ಏನನ್ನ?" ಅಂದೆ. ಮೂವತ್ನಾಲ್ಕರ ಹೆಂಗಸು ಕೇಳುವ ಪ್ರಶ್ನೆಯೇ ಇದು! ಗೊತ್ತಿತ್ತು. ಅವರ ಬಾಯಿಂದ ಪೂರ್ತಿ ಕೇಳಬೇಕಿತ್ತು, ಅಷ್ಟೇ. ಕೇಳಿಸಿಕೊಂಡೆ. ಸರಿ ಅಂದೆ.

ಫೆಬ್ರವರಿ 11, ಭಾನುವಾರ

ಬಂದಿದ್ದರು. ಸುಧಾಕರ್ ಮತ್ತು ಅವರ ಅಜ್ಜಿ ಮುನಿಶಾಮಮ್ಮ. ಅಪ್ಪ ಅಮ್ಮ ಇಲ್ಲದ ಮಗುವನ್ನು ಸಾಕಿದವರು ಆ ಅಜ್ಜಿಯೇ. ನನ್ನ ಕಥೆಯೂ ಹೆಚ್ಚು ಕಡಿಮೆ ಅದೇ. ಅಮ್ಮ ಹೋದ ಮೇಲೆ ಬೆಳೆಸಿದ್ದು ಅಪ್ಪನ ಅಕ್ಕ, ಮುನಿನಾರಾಯಣತ್ತೆ.

ಅತ್ತೆ ಬೆಳಿಗ್ಗೆಯಿಂದ ಬೋಂಡ ಕರಿದಿದ್ದಳು. ಅಪ್ಪ ಹೊಸ ಷರಟು. ಎಲ್ಲ ಚೆನ್ನಾಗಿಯೇ ಇತ್ತು. ನಮ್ಮೋರೇ, ಹುಡುಗ ಒಳ್ಳೆಯವನು, ಅಂಗಡಿ ಇದೆ. ಆಮೇಲೆ ಅತ್ತೆ ಸುಮ್ಮನೆ ಕೇಳಿದಳು, "ನಿಮ್ಮ ಮನೆ ಹೆಸರೇನಮ್ಮ?"

"ಪೆಂಗಲೋರು" ಅಂದರು ಅಜ್ಜಿ.

ಅತ್ತೆಯ ಕೈಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಾವೂ ಪೆಂಗಲೋರೇ.

ನಮ್ಮ ಕಡೆ ಮನೆ ಹೆಸರು ಒಂದೇ ಆದರೆ ಬಳ್ಳಿ ಒಂದೇ. ದಾಯಾದಿಗಳು. ಮದುವೆಯ ಮಾತೇ ಇಲ್ಲ.

"ಅಣ್ಣ ತಂಗಿ ಆಯ್ತಾರೆ ಕಣಮ್ಮ" ಅಂದಳು ಅತ್ತೆ. ಅವಳಿಗೂ ಬೇಜಾರೇ. "ತಪ್ಪು ತಿಳ್ಕಾಬ್ಯಾಡಿ. ಬೋಂಡ ತಿಂದ್ಕಂಡು ಓಗಿ."

ಸ್ಕೂಲಿನಲ್ಲಿ ಈ ಹೆಸರಿಗೇ ನನ್ನನ್ನು ಪೆಂಗಿ, ಪೆಂಗಿ ಅಂತ ರೇಗಿಸುತ್ತಿದ್ದರು. ಆಗ ಮರ್ಯಾದೆ ಹೋಯಿತು. ಈಗ ಗಂಡೂ.

ಫೆಬ್ರವರಿ 12

ಸುಧಾಕರ್ ಮೆಸೇಜ್: "ಏನ್ ತಂಗಿ, ಊಟ ಆಯ್ತಾ?"

ನಕ್ಕುಬಿಟ್ಟೆ. ನಗುತ್ತಾ ನಗುತ್ತಾ ಅಳು ಬಂತು. ಸ್ಯಾಂಪಲ್ ಟ್ಯೂಬ್ ಹಿಡಿದುಕೊಂಡು ಫ್ರಿಜ್ ಕಡೆ ತಿರುಗಿ ನಿಂತೆ.

ಫೆಬ್ರವರಿ 14

ಅಪ್ಪ ಹಾಲು ಕರೆಯುವಾಗ ಪಕ್ಕದಲ್ಲಿ ಕೂತೆ. "ಪೆಂಗಲೋರು ಅಂದ್ರೆ ಏನಪ್ಪ? ಯಾವ ಊರು?"

"ಊರೂ ಇಲ್ಲ ಕೇರೀನೂ ಇಲ್ಲ. ನಮ್ಮ ತಾತನಪ್ಪ ಮೈಸೂರು ಮೈನ್ಸ್ ಚಿನ್ನದ ಗಣಿನಾಗೆ ಒಬ್ಬ ದೊರೆಗೆ ಜಟಕಾ ಓಡಿಸ್ತಿದ್ದ. ಪೆಂಗಲಿ ದೊರೆ ಅಂತ. ಊರಿಗೆ ಬಂದ್ರೆ, ಪೆಂಗಲಿ ದೊರೆ ಗಾಡಿಯೋನು ಬಂದ ಅಂತಿದ್ರಂತೆ. ದೊರೆ ಓದ, ಗಾಡಿ ಓಯ್ತು. ಎಸ್ರು ನಮ್ಮ ಮ್ಯಾಲೆ ಕುಂತ್ಕಂಡ್ತು."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ, ನೀನು ಕೇಳಲಿಲ್ಲ ಅಂದ.

ಅಂದರೆ ನಮ್ಮ ಮನೆ ಹೆಸರು ಒಬ್ಬ ಬಿಳಿಯನದು! ಹಾಗಾದರೆ ಅವರ ಮನೆಗೆ ಎಲ್ಲಿಂದ ಬಂತು? ಅವರ ಮುತ್ತಾತನೂ ಅದೇ ದೊರೆಯ ಹತ್ತಿರ ಇದ್ದನೇ? ಬೇರೆ ಕೆಲಸಕ್ಕೆ?

ಸುಧಾಕರ್‌ಗೆ ಫೋನ್ ಮಾಡಿದೆ. ಇವತ್ತು ಏನು ದಿನ ಗೊತ್ತಾ ಅಂದರು. ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಮಾರ್ಚ್ 3, ಭಾನುವಾರ

ಮಾರಿಕುಪ್ಪಂ ರೈಲು. ಸುಧಾಕರ್ ಸ್ಟೇಷನ್ನಿಗೆ ಬಂದಿದ್ದರು. ಮನೆಯಲ್ಲಿ ಅತ್ತೆ ತಡೆಯಲು ನೋಡಿದಳು, ಆಗಲಿಲ್ಲ. "ಅಣ್ಣನ ಜೊತೆ ತಾನೇ ಓಗ್ತಿರೋದು?" ಅಂದೆ. ಬಾಗಿಲಿನಿಂದ ಸರಿದಳು.

ಸೆಲ್ವರಾಜ್ ಮೇಷ್ಟ್ರ ಮನೆಗೆ ಹೋದೆವು. ರಿಟೈರಾದ ಇಂಗ್ಲಿಷ್ ಮೇಷ್ಟ್ರು, ಸುಧಾಕರ್‌ಗೂ ಪಾಠ ಹೇಳಿದ್ದಾರೆ. ವಂಶ ಹುಡುಕಿಕೊಂಡು ಬರುವ ಫಾರಿನರ್‌ಗಳಿಗೆ ಸಮಾಧಿ ತೋರಿಸುವುದು ಅವರ ಹವ್ಯಾಸ. ನಾನು ವಿಷಯ ಹೇಳಿದ ಕೂಡಲೇ ಎದ್ದು ನಿಂತರು. "ಅಯ್ಯೋ, ಅಲ್ಲಿಂದ ಪ್ಲೇನ್ ಹತ್ತಿ ಬಂದು ಕೇಳ್ತಾರಮ್ಮ. ನಮ್ಮೋರು ಬಂದು ಕೇಳಿದ್ದು ನೀನೇ ಫಸ್ಟ್!"

ಪೆಂಗಲಿ ಅಂದರೆ ಪೆಂಗೆಲ್ಲಿ. ಇಂಗ್ಲಿಷ್ ಹೆಸರೇ ಅಲ್ಲವಂತೆ. ಕಾರ್ನಿಷ್. ಇಂಗ್ಲಿಷರ ದೇಶದ ಒಂದು ಮೂಲೆ ಕಾರ್ನ್‌ವಾಲ್‌ನಲ್ಲಿ ತವರದ ಗಣಿ ನಿಂತು ಹೋದಾಗ ಇಲ್ಲಿಗೆ ಬಂದವರು. ಅವರದೇ ಬೇರೆ ಭಾಷೆ ಇತ್ತು. ಪೆನ್ ಅಂದರೆ ತಲೆ, ತುದಿ. ಕೆಲ್ಲಿ ಅಂದರೆ ತೋಪು. ಸೇರಿದರೆ ತೋಪಿನ ತುದಿ. ಹೆಸರು ತ್ರೆ ಅಂತ ಶುರುವಾದರೆ ಹಳ್ಳಿ, ಪೋಲ್ ಅಂತ ಶುರುವಾದರೆ ಕುಂಟೆ, ಅಂದರೆ ಸಣ್ಣ ಕೆರೆ.

"ಅಂದ್ರೆ ಅವ್ರೂ ಊರ ಹೆಸರೇ ಇಟ್ಕೊಳ್ಳೋದು, ನಮ್ಮಂಗೆ?" ಅಂದೆ.

"ಅದೇ ಅದೇ. ಐರಿಶ್‌ನೋರು ಹಂಗಲ್ಲ. ಅವ್ರದು ತಾತನ ಹೆಸ್ರು. ಓ ಅಂದ್ರೆ ಮೊಮ್ಮಗ, ಮ್ಯಾಕ್ ಅಂದ್ರೆ ಮಗ." ಆಮೇಲೆ ಸುಧಾಕರ್ ಕಡೆ ತಿರುಗಿ, "ನಿಮ್ಮಜ್ಜಿ ಆ ಹೆಸ್ರನ್ನ ಹೆಂಗ್ ಅಂತಾರೆ? ಅವ್ರ ಬಾಯಲ್ಲೇ ಕೇಳ್ಬೇಕು ನಾನು" ಅಂದರು.

ಮೂವರೂ ಒಂದೇ ಆಟೋದಲ್ಲಿ ಅಜ್ಜಿ ಹತ್ತಿರ ಹೋದೆವು. ಅಜ್ಜಿ ಮೊದಲು ಪೆಂಗಲೋರು ಅಂತಲೇ ಅಂದರು. ನಿಮ್ಮ ಮಾವ ಏನಂತಿದ್ದರು ಅಂತ ಮೇಷ್ಟ್ರು ಕೇಳಿದರು.

"ಪೆನ್ನಲಿ" ಅಂದರು. "ಪೆನ್ನಲಿ ದೊರೆ. ಸ್ಕೂಲಿಗೆ ಸೇರಿಸ್ದಾಗ ಯಾರೋ ಪೆಂಗಲಿ ಅಂತ ಬರ್ಕಂಡ್ರು, ಅದೇ ನಿಂತೋಯ್ತು ಕಣಮ್ಮ. ನಮ್ಮ ಮಾವನಪ್ಪ ಆ ದೊರೆ ಬಂಗಲೇಲಿ ಕುಕ್ಕು. ಶುಕ್ರವಾರ ಬಂದ್ರೆ ದೊರೆ ಮಾಂಸ ಮುಟ್ಟಲ್ಲ, ಮೀನೇ ಆಗ್ಬೇಕು. ಈ ಊರಲ್ಲಿ ಮೀನೆಲ್ಲಿ? ತಲೆ ಕೆಟ್ಟೋಗ್ತಿತ್ತಂತೆ ಆಯಪ್ಪಂಗೆ."

ಮೇಷ್ಟ್ರು ತೊಡೆ ತಟ್ಟಿದರು. "ಶುಕ್ರವಾರ ಮೀನು! ಕ್ಯಾಥೊಲಿಕ್! ಕಾರ್ನಿಷ್‌ನೋರು ಹೆಚ್ಚಾಗಿ ಮೆಥಡಿಸ್ಟ್ ಚರ್ಚಿನೋರು, ಅವ್ರಿಗೆ ಆ ಕಟ್ಟುಪಾಡಿಲ್ಲ. ಇವ್ನು ಐರಿಶ್. ಪೆನ್ನಲಿ ಅಲ್ಲ, ಫೆನ್ನೆಲಿ. ಎಫ್ ನಮ್ಮೋರ ಬಾಯಲ್ಲಿ ಪ ಆಗಿದೆ, ಅಷ್ಟೇ."

ಫೆನ್ನೆಲಿಯಲ್ಲಿ ಇರುವ ಫಿನ್ ಅಂದರೆ ಬಿಳಿ ಅಂತೆ. ಯಾವನೋ ಬೆಳ್ಳಗಿನ ಧೀರನ ಮೊಮ್ಮಕ್ಕಳು. ಸುಧಾಕರ್ ತಮ್ಮ ಕೈ ತಿರುಗಿಸಿ ನೋಡಿಕೊಂಡರು.

ಇಬ್ಬರು ದೊರೆಗಳು! ಬೇರೆ ದೇಶ, ಬೇರೆ ದೇವಸ್ಥಾನ. ರೈಲಿನಲ್ಲಿ ವಾಪಸು ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚ್ 10, ಭಾನುವಾರ

ಮೇಷ್ಟ್ರು ಸಿಮೆಟರಿಗೆ ಕರೆದುಕೊಂಡು ಹೋದರು. ಪೆಂಗೆಲ್ಲಿ ಒಂದು ಮೂಲೆ, ಫೆನ್ನೆಲಿ ಇನ್ನೊಂದು ಮೂಲೆ. ಬದುಕಿದ್ದಾಗಲೂ ಹೆಚ್ಚು ಮಾತಾಡಿರಲಿಕ್ಕಿಲ್ಲ. ಫೆನ್ನೆಲಿಯ ಕಲ್ಲಿನ ಮೇಲೆ ಕಿಲ್ಕೆನ್ನಿ ಅಂತ ಐರಿಶ್ ಊರ ಹೆಸರಿತ್ತು. ಸುಧಾಕರ್ ಕರ್ಚೀಫಿನಿಂದ ಒರೆಸಿದರು. ನಾನು ನಮ್ಮ ದೊರೆಯ ಕಲ್ಲಿಗೆ ಬಳ್ಳಿ ಕಿತ್ತೆ. ಸಂಬಂಧವೇನೂ ಇಲ್ಲ. ಆದರೂ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಅತ್ತೆಗೆ ಎರಡೂ ಫೋಟೋ ತೋರಿಸಿದೆ. ತೋಪು, ತಾತ, ಶುಕ್ರವಾರದ ಮೀನು, ಎಲ್ಲ ಹೇಳಿದೆ. ಕಡಲೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು.

"ದೊರೆಗಳು ಬ್ಯಾರೆ ಬ್ಯಾರೆ ಅಂತಾಯ್ತು. ನಾವು ಬ್ಯಾರೆ ಅಂತ ಎಂಗಾಯ್ತದೆ? ಅಣ್ತಮ್ಮ ಇಬ್ರು ಬ್ಯಾರೆ ಬ್ಯಾರೆ ದೊರೆಗಳತ್ರ ಕೆಲಸಕ್ಕೆ ಸೇರ್ಕಂಡಿದ್ರೆ? ದೊರೆಗಿಂತ ಮೊದ್ಲು ಅವ್ರ ಮನೆ ಎಸ್ರೇನು, ಅದನ್ನ ತಗಂಡ್ಬಾ."

ಅವಳು ಹೇಳಿದ್ದು ಸರಿ. ಇಷ್ಟೆಲ್ಲ ಓಡಾಡಿದ ಮೂವರಿಗೂ ಇದು ಹೊಳೆದಿರಲಿಲ್ಲ.

ನಮ್ಮದು? ಅತ್ತೆಗೆ ಗೊತ್ತು. ಹುಣಸೇನೋರು. ಸುಧಾಕರ್‌ಗೆ ಫೋನ್ ಮಾಡಿ ಕೇಳಿಸಿದೆ. ಅಜ್ಜಿಗೆ ತಮ್ಮ ಗಂಡನ ಮನೆಯದು ನೆನಪಿಲ್ಲ.

ಮಾರ್ಚ್ 31

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಅಜ್ಜಿಗೆ ಇನ್ನೂ ನೆನಪಾಗಿಲ್ಲ. ಸುಧಾಕರ್ ಕೇಳಿ ಕೇಳಿ ಅವರು ಅತ್ತುಬಿಟ್ಟರಂತೆ. ಇನ್ನು ಕೇಳಬೇಡಿ ಅಂದೆ. "ಹುಣಸೇನೋರು ಅಂತಲೇ ಬಂದುಬಿಟ್ಟರೆ?" ಅಂದರು ಆಮೇಲೆ. ನನಗೂ ರಾತ್ರಿಯೆಲ್ಲ ಅದೇ ಭಯ.

ಊಟ ಬಿಟ್ಟಿದ್ದನ್ನು ಅತ್ತೆ ನೋಡಿದಳು.

ಏಪ್ರಿಲ್ 7, ಭಾನುವಾರ

ಬೆಳಿಗ್ಗೆ ಅತ್ತೆ ಸೀರೆ ಬದಲಿಸಿ ನಿಂತಿದ್ದಾಳೆ. "ನಡಿಯಮ್ಮಿ, ಆ ಮುದುಕಿ ಅತ್ರ ನಾನೇ ಬತ್ತೀನಿ. ನಿಮಗೆ ಕೇಳಕ್ಕೆ ಬರಾಕಿಲ್ಲ."

ಆಂಡರ್ಸನ್‌ಪೇಟೆಯಲ್ಲಿ ಅತ್ತೆ ಹೆಸರಿನ ವಿಷಯ ಎತ್ತಲೇ ಇಲ್ಲ. ಎಲೆ ಅಡಿಕೆ ಹಾಕಿಕೊಂಡು ಇಬ್ಬರೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಂಡಿನೋವಿನ ಕಥೆ, ರಾಗಿಯ ಕಥೆ. ನನಗೆ ತಾಳ್ಮೆ ಹೋಗುತ್ತಿತ್ತು. ಆಗ ಅತ್ತೆ ಕೇಳಿದಳು, "ನಿಮ್ಮತ್ತೆ ಎಂಗೆ? ಶ್ಯಾನೆ ಬೈತಿದ್ರಾ?"

ಅಜ್ಜಿ ನೆಟ್ಟಗೆ ಕೂತರು. "ಬೈಯೋದಾ! ಮಾವನ ಮ್ಯಾಲೆ ಕ್ವಾಪ ಬಂದ್ರೆ ಇಡೀ ವಂಶಾನೇ ಬೈಯೋಳು. ಸೊಂಟಕ್ಕೆ ಕೈ ಇಟ್ಕಂಡು, ಈ ಮೇಕಲೋರ ಮನೆ ಸೇರಿ ಕೆಟ್ಟೆ, ಮೇಕಲೋರಿಗೆ ಬುದ್ಧಿ ಎಲ್ಲೈತೆ, ಅಂತ..."

ಅಲ್ಲಿಗೆ ನಿಲ್ಲಿಸಿದರು. ಕೈ ಬಾಯಿಗೆ ಹೋಯಿತು.

"ಮೇಕಲೋರು" ಅಂದಳು ಅತ್ತೆ.

"ಮೇಕಲೋರೇ ಕಣಮ್ಮ ನಾವು! ಕುಪ್ಪಂ ಕಡೆಯೋರು!"

ಅತ್ತೆ ನಕ್ಕಳು. ನಾನು ಇಷ್ಟು ವರ್ಷದಲ್ಲಿ ನೋಡದ ನಗು. "ಮೇಕಲೋರಿಗೂ ಹುಣಸೇನೋರಿಗೂ ಹೆಣ್ಣು ಕೊಟ್ಟು ತಂದು ಮಾಡಿದ್ದೈತೆ. ನಮ್ಮ ದೊಡ್ಡಜ್ಜೀನೇ ಮೇಕಲೋರ ಹೆಣ್ಣು."

ಸುಧಾಕರ್ ಅಂಗಡಿಯಿಂದ ಓಡಿ ಬಂದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣ ಅಲ್ಲಪ್ಪ ನೀನು, ಬಿಡು" ಅಂದಳು. ಅವರು ಏನು ಮಾಡುವುದು ತಿಳಿಯದೆ ಅವಳ ಕಾಲಿಗೆ ಬಿದ್ದರು. ಎದ್ದು ಅಜ್ಜಿಯ ಕಾಲಿಗೆ. ಅದೇ ರಭಸದಲ್ಲಿ ನನ್ನ ಕಾಲಿಗೂ ಬೀಳುವುದರಲ್ಲಿದ್ದರು.

ಏಪ್ರಿಲ್ 21, ಭಾನುವಾರ

ನಿಶ್ಚಿತಾರ್ಥ ಶುಕ್ರವಾರ ಆಯಿತು. ಮೇಷ್ಟ್ರು ಬಂದಿದ್ದರು. ಶುಕ್ರವಾರ ಅಂತ ಮೀನು ಕೇಳಿದರು. ತಮಾಷೆಗೆ.

ಈಗ ಲಗ್ನಪತ್ರಿಕೆಯ ಜಗಳ. ಮನೆ ಹೆಸರು ಯಾವುದು ಹಾಕಿಸುವುದು? ಹಳೆಯದೇ ಆಗಬೇಕು ಅಂದಳು ಅತ್ತೆ. ಅಪ್ಪ ಒಪ್ಪಲಿಲ್ಲ. "ಎಲ್ಲೋ ಹುಟ್ಟಿ ನಮ್ಮೂರ ಮಣ್ಣಾಗೆ ಮಲಗಿರೋನ ಎಸ್ರು. ಅವ್ನಿಗೆ ಇಲ್ಲಿ ನಮ್ಮನ್ನ ಬಿಟ್ಟು ಯಾರವ್ರೆ? ಇರ್ಲಿ." ಅಪ್ಪ ಇಷ್ಟು ಉದ್ದ ಮಾತಾಡಿದ್ದು ಅಪರೂಪ. ಅತ್ತೆ ಒಪ್ಪಿದಳು. ಆದರೆ ಒಂದು ಕಂಡೀಷನ್ ಹಾಕಿದಳು. ಎರಡೂ ಹೆಸರು ಬೇರೆ ಬೇರೆ ಕಾಣಬೇಕು, ನೆಂಟರು ಬಾಯಿ ಬಿಡಬಾರದು.

ಪ್ರೆಸ್ಸಿನವನಿಗೆ ನಾನೇ ಬರೆದು ಕೊಟ್ಟೆ. ಹುಡುಗಿ ಪೆಂಗಲೋರು. ಹುಡುಗ ಪೆನ್ನಲಿಯೋರು. ಬಿಡಿಸಿ ಬಿಡಿಸಿ ಹೇಳಿದೆ.

ಈಗ ವಾಟ್ಸಾಪಿನಲ್ಲಿ ಪ್ರೂಫ್ ಬಂತು. ಎರಡೂ ಕಡೆ ಪೆಂಗಲೋರು. ಕೆಳಗೆ ಒಂದು ಸಾಲು: "ಮೇಡಂ, ಒಂದು ಕಡೆ ಸ್ಪೆಲಿಂಗ್ ತಪ್ಪಿತ್ತು, ಸರಿ ಮಾಡಿದೀನಿ. ಐನೂರು ಕಾರ್ಡು ಮಿಷಿನ್‌ಗೆ ಹಾಕ್ತಾ ಇದೀನಿ."

ಅತ್ತೆ ಪ್ರೂಫ್ ಎಲ್ಲಿ ಅಂತ ಕೇಳುತ್ತಿದ್ದಾಳೆ. ಕನ್ನಡಕ ಹುಡುಕುತ್ತಿದ್ದಾಳೆ. ಸಿಕ್ಕಿತು ಅನ್ನಿಸುತ್ತೆ. ಅವಳು ಇಲ್ಲಿಗೆ ಬರುವಷ್ಟರಲ್ಲಿ ಆ ಪ್ರೆಸ್ಸಿನವನಿಗೆ ಫೋನ್ ಮಾಡಿ—