ಮೋಡೆಮ್‌ಗೂ ರೌಟರ್‌ಗೂ ನಡುವೆ

ಥಂಡರ್ ಬೇ
ನವೆಂಬರ್ 14, ಗುರುವಾರ

ಪ್ರೀತಿಯ ಮಗ ಕಾಲೇವಿ,

ಹೇಗಿದ್ದೀಯಪ್ಪ? ಹಲ್ಲುನೋವು ಕಡಿಮೆಯಾಯಿತೇ? ಜೈಲಿನ ಡಾಕ್ಟರು ಕಿತ್ತುಬಿಡೋಣ ಎಂದರೆ ಹೂಂ ಅನ್ನಬೇಡ, ತುಂಬಿಸಿಕೊಡಿ ಎಂದು ಹಟ ಹಿಡಿ. ಉಣ್ಣೆಯ ಕಾಲುಚೀಲ ತಲುಪಿದ್ದರೆ ಹಾಕಿಕೋ, ಜೋಪಾನ ಮಾಡಿ ಎತ್ತಿಡಬೇಡ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಎಂದಿನಂತೆ ಕಾಟ ಕೊಡುತ್ತಿದೆ. ಅಂಚೆಗೆ ಹಾಕುವ ಮೊದಲು ನಿನ್ನಪ್ಪ ಈ ಪತ್ರ ಓದುತ್ತಾರೆ, ನಿನಗೆ ಗೊತ್ತೇ ಇದೆ. ಓದಲಿ ಬಿಡು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಅದರಲ್ಲಿ ನಾಚಿಕೆಪಡುವಂಥದ್ದು ಅವರಿಗೇನೂ ಕಾಣುವುದಿಲ್ಲ.

ಮಂಗಳವಾರ ನಿನ್ನ ಬಿಡುಗಡೆಯ ವಿಚಾರಣೆಯಲ್ಲಿ ನನ್ನ ಮುಖ ಪರದೆಯಿಂದ ಮಾಯವಾಯಿತಲ್ಲ, ಅದರ ಕಥೆ ಕೇಳು. ನಮ್ಮ ಅಡುಗೆಮನೆಗೆ ವೈಫೈ ಹತ್ತುವುದಿಲ್ಲ. ನೆಲಮಾಳಿಗೆಯಲ್ಲಿರುವ ರೌಟರಿನಿಂದ ಒಂದು ತಂತಿ ಎಳೆಯಬೇಕಿತ್ತು. ರೌಟರಿನ ನಾಲ್ಕು ತೂತೂ ಭರ್ತಿ. ಒಂದು ವಾರದ ಮಟ್ಟಿಗೆ ಒಂದು ತಂತಿ ಬಿಚ್ಚಿರಪ್ಪ, ಹುಡುಗನ ಬಿಡುಗಡೆಯ ಮಾತು ಎಂದೆ. ನಿನ್ನಪ್ಪನಿಗೆ ಟಿವಿ ಬೇಕು, ನಿನ್ನ ತಮ್ಮ ರೇನೋಗೆ ಆಟದ ಕಂಪ್ಯೂಟರ್ ಬೇಕು. ಇಪ್ಪತ್ತಾರು ವರ್ಷದ ಗಂಡಸು, ಆಟವಂತೆ! ಕಡೆಗೆ ಒಂದು ಸ್ವಿಚ್ ತಂದರು. ಒಂದು ತಂತಿಯನ್ನು ಐದು ಮಾಡುವ ಪುಟ್ಟ ಡಬ್ಬಿ.

ನಲವತ್ತು ವರ್ಷ ಊರಿಗೆಲ್ಲ ನೀರಿನ ಪೈಪ್ ಹಾಕಿದ ನಿನ್ನಪ್ಪನಿಗೆ ಜಗತ್ತೆಲ್ಲ ಪೈಪೇ. ಬೀದಿಯಿಂದ ಲೈನು ಬಂದು ಸೇರುವ ಮೋಡೆಮ್ಮೇ ಮೇನ್ ಪೈಪು, ಒತ್ತಡ ಅಲ್ಲೇ ಜಾಸ್ತಿ, ಕವಲು ಅಲ್ಲೇ ಒಡೆಯಬೇಕು ಎಂದರು. ಮೋಡೆಮ್‌ಗೂ ರೌಟರ್‌ಗೂ ನಡುವೆ ಸ್ವಿಚ್ ಕೂರಿಸಿ, ಅಡುಗೆಮನೆಯ ತಂತಿಯನ್ನು ಅದಕ್ಕೇ ಚುಚ್ಚಿದರು. ಟಿವಿ ಓಡಿತು. ನನ್ನ ಕಂಪ್ಯೂಟರಿಗೆ ಮಾತ್ರ ಏನೂ ಬರಲಿಲ್ಲ. ಭಾನುವಾರ ಮಧ್ಯಾಹ್ನ ರೇನೋ ಇಳಿದು ನೋಡಿ ನಕ್ಕ. ಅಲ್ಲಿಂದ ಶುರು. "ರೌಟರ್ರೇ ಎಲ್ಲದಕ್ಕೂ ಒಂದೊಂದು ನಂಬರ್ ಕೊಡೋದು ಕಣಪ್ಪಾ. ಅದಕ್ಕಿಂತ ಮುಂಚೆ ಕವಲು ಒಡೆದ್ರೆ ನಂಬರ್ ಕೊಡೋರು ಯಾರು? ಮೊದ್ಲು ರೌಟರ್, ಆಮೇಲೆ ಸ್ವಿಚ್ಚು" ಎಂದ. "ನಿನ್ನ ತೊಟ್ಲಿಗೆ ಮೊಳೆ ಹೊಡೆದೋನು ನಾನು, ನಂಗೇ ಕವಲು ಹೇಳ್ಕೊಡ್ತೀಯೇನೋ?" ಎಂದರು ಅವರು. ರೇನೋ ರೌಟರಿನಿಂದ ಟಿವಿಯ ತಂತಿ ಕಿತ್ತ, ಆ ತೂತಿಗೆ ಸ್ವಿಚ್ ಹಾಕೋಣ ಅಂತ. ಮೇಲಿನ ಟಿವಿಯಲ್ಲಿ ಐಸ್ ಹಾಕಿ ಪಂದ್ಯದ ಕೊನೆಯ ಐದು ನಿಮಿಷ ಬಾಕಿಯಿತ್ತು.

ನಿನ್ನಪ್ಪ ಕಬ್ಬಿಣದ ಪೈಪ್ ರೆಂಚಿನಿಂದ ಅವನ ಬಾಯಿಗೇ ಹೊಡೆದರು, ಕಾಲೇವಿ. ಎರಡು ಹಲ್ಲು ನೆಲಕ್ಕೆ ಬಿದ್ದ ಸದ್ದು ನನಗೆ ಮೆಟ್ಟಿಲ ಮೇಲೆ ಕೇಳಿಸಿತು. ರೇನೋ ಸುಮ್ಮನಿದ್ದಾನೆಯೇ? ಅವರ ಕೊರಳಪಟ್ಟಿ ಹಿಡಿದು ಜಾಮ್ ಬಾಟಲಿಗಳ ಕಪಾಟಿಗೆ ಅಪ್ಪಳಿಸಿದ, ಒಂದು ಸಲ ಅಲ್ಲ, ಮೂರು ಸಲ. ಕ್ರ್ಯಾನ್‌ಬೆರಿ ಜಾಮ್ ಯಾವುದು, ರಕ್ತ ಯಾವುದು ತಿಳಿಯದ ಹಾಗಾಯಿತು. ನಡುವೆ ಹೋದ ನನ್ನನ್ನು ಯಾರು ದೂಡಿದರೋ ಗೊತ್ತಿಲ್ಲ, ಸೊಂಟ ಇನ್ನೂ ನೀಲಿಗಟ್ಟಿದೆ. ಆಮೇಲೇನು? ನಮ್ಮ ಮನೆಯ ಪದ್ಧತಿ ನಿನಗೆ ಹೇಳಬೇಕೇ? ಇಬ್ಬರೂ ಹಿತ್ತಲಿನ ಸೌನಾಕ್ಕೆ ಹೋದರು, ಬಿಸಿ ಕಲ್ಲಿಗೆ ನೀರು ಸುರಿದು ಹಬೆಯಲ್ಲಿ ಅಕ್ಕಪಕ್ಕ ಬೆತ್ತಲೆ ಕೂತರು, ತೊಳೆದುಕೊಂಡು ಬಂದು ನಾನು ಮಾಡಿದ ಮೀನಿನ ಸಾರು ಉಂಡರು. ಸೌನಾದಿಂದ ಬಂದ ಮೇಲೆ ಹಿಂದಿನ ಮಾತು ಎತ್ತಬಾರದು. ಮೂವತ್ತೈದು ವರ್ಷದಿಂದ ನಾನೂ ಎತ್ತಿಲ್ಲ.

ಸೋಮವಾರ ರೇನೋ ತಾನು ಹೇಳಿದ ಹಾಗೇ ಜೋಡಿಸಿದ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ನಿನ್ನ ಮುಖ ಕಂಡಿತು. ಸೊರಗಿದ್ದೀಯ. ಬಿಡುಗಡೆ ಮಂಡಳಿಯ ಆ ಹೆಂಗಸು ನನ್ನನ್ನು ಕೇಳಿದ್ದನ್ನು ನೀನೂ ಕೇಳಿಸಿಕೊಂಡೆ. "ಹೆಲ್ವಿಯವರೇ, ನಿಮ್ಮ ಮನೇಲಿ ಕೊನೇ ಸಲ ಯಾರಾದ್ರೂ ಕೈ ಎತ್ತಿದ್ದು ಯಾವಾಗ?" ರೇನೋ ಎದುರಿನ ಕುರ್ಚಿಯಲ್ಲಿ ಬಾಯಿಗೆ ಫ್ರೀಜರಿನ ಬಟಾಣಿ ಪೊಟ್ಟಣ ಒತ್ತಿಕೊಂಡು ಕೂತಿದ್ದ. ನಾನು ಬಾಯಿ ತೆರೆದೆ, ಲೈನು ಹೋಯಿತು. "ಹೇಳಿರ್ಲಿಲ್ವಾ ನಾನು, ಆ ಪೆದ್ದ ಕವಲು ತಪ್ಪು ಕಡೆ ಹಾಕಿದಾನೆ" ಎನ್ನುತ್ತ ನಿನ್ನಪ್ಪ ಅದೇ ರೆಂಚ್ ಹಿಡಿದು ಇಳಿದರು. ಸ್ವಿಚ್ಚೂ ಹೋಯಿತು, ರೌಟರೂ ಹೋಯಿತು, ಅಡ್ಡ ಬಂದ ರೇನೋನ ಮುಂಗೈ ಮೂಳೆಯೂ ಮುರಿಯಿತು. ವಿಚಾರಣೆ ಜನವರಿಗೆ ಹೋಗಿದೆಯಂತೆ.

ಅಪ್ಪ, ತಮ್ಮ ಇಬ್ಬರೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಹೊಟ್ಟೆತುಂಬ ಉಣ್ಣು, ಯಾರ ಜೊತೆಗೂ ಕೈಮಾಡಬೇಡ. ದೇವರು ನಿನ್ನ ತಲೆ ಕಾಯಲಿ.

ನಿನ್ನ ಅಮ್ಮ,
ಹೆಲ್ವಿ

ಮರೆತಿದ್ದೆ: ಈ ಕೊನೆಯ ಸಾಲುಗಳನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ, ಇಲ್ಲಿಯವರ ಪೆನ್ನಿನಿಂದ ಬರೆಯುತ್ತಿದ್ದೇನೆ. ನಿನ್ನಪ್ಪ ಇವನ್ನು ಓದಿಲ್ಲ. ಸ್ವಿಚ್ ಸರಿಯಾದ ಜಾಗದಲ್ಲೇ ಇತ್ತು. ಮೇಜಿನ ಕೆಳಗೆ ಕೈ ಹಾಕಿ ತಂತಿ ಕಿತ್ತವಳು ನಾನು. ಅದಕ್ಕೆ ರೇನೋನ ಕೈ ಹೋಯಿತು, ಅದು ನನ್ನ ತಪ್ಪು. ನಮ್ಮದು ಶಾಂತವಾದ ಮನೆ, ಹುಡುಗನನ್ನು ಇಲ್ಲಿಗೇ ಕಳಿಸಿ ಎಂದು ಆ ಹೆಂಗಸಿಗೆ ಹೇಳಬೇಕಿತ್ತು. ಆಗಲಿಲ್ಲ ಮಗನೇ. ಜೈಲು ಸೇರುವ ಹಾಗೆ ನೀನು ಆ ಮನುಷ್ಯನ ಕಣ್ಣು ಒಡೆದೆಯಲ್ಲ, ಆ ಕೈ ನಿನಗೆ ಬಂದದ್ದು ಎಲ್ಲಿಂದ ಅಂತ ನನಗೆ ಗೊತ್ತಿಲ್ಲವೇ? ನಿನ್ನನ್ನು ಮತ್ತೆ ಆ ನೆಲಮಾಳಿಗೆಗೆ ಕರೆಸಿಕೊಳ್ಳಲಾರೆ. ಇವತ್ತು ಮೂರು ಗಂಟೆಯ ಬಸ್ಸಿಗೆ ನಿಪಿಗನ್‌ನಲ್ಲಿರುವ ಐಲಿ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ, ಬಟ್ಟೆಯ ಪೆಟ್ಟಿಗೆ ನನ್ನ ಕಾಲ ಬಳಿಯೇ ಇದೆ. ಇನ್ನು ಅಲ್ಲಿಗೇ ಬರೆ. ಮಂಡಳಿಗೂ ಆ ವಿಳಾಸವನ್ನೇ ಕೊಡು. ಜನವರಿಯಲ್ಲಿ ಅವರು ಏನು ಬೇಕಾದರೂ ಕೇಳಲಿ, ಎಲ್ಲವನ್ನೂ ಹೇಳುತ್ತೇನೆ. ಅಲ್ಲಿ ರೌಟರಿನಲ್ಲಿ ಮೂರು ತೂತು ಖಾಲಿ ಇವೆಯಂತೆ, ಸ್ವಿಚ್ ಬೇಕಾಗಿಲ್ಲ.